ಗುಡ್ಡೆ ಸೊಪ್ಪು

ನನ್ನ ಬಾಯಿ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಬಾಯಿ ಬೇಕಾದ ಹೊತ್ತಿನಲ್ಲಿ ಮುಚ್ಚಿಕೊಂಡಿದ್ದರಿಂದ ಆದ ಅನಾಹುತ ಇದು. ಇಪ್ಪತ್ತೆಂಟು ವರ್ಷ ಚನ್ನಪಟ್ಟಣದ ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸಿ, ಅವರ ತಾಯಂದಿರಿಗೆ ಬೈದು, ಅಪ್ಪಂದಿರಿಗೆ ಇನ್ನೂ ಜೋರಾಗಿ ಬೈದು ನಿವೃತ್ತಳಾದವಳು ನಾನು. ಹೆಸರು ವರಲಕ್ಷ್ಮಮ್ಮ. ಬೀದಿಯಲ್ಲಿ ಆ ಹೆಸರು ಹೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಟೀಚರಮ್ಮ ಅನ್ನಬೇಕು.

ನಮ್ಮದು ಛತ್ರದ ಬೀದಿ. ಹನ್ನೊಂದು ಮನೆ. ಏಳು ಮನೆ ಮುಸಲ್ಮಾನರದು, ನಾಲ್ಕು ನಮ್ಮವು. ಹೆಚ್ಚಿನವರು ಗೊಂಬೆ ಕೆಲಸದವರು. ಬೆಳಗಾದರೆ ಲೇತ್ ಮಿಷನ್ನಿನ ಗುಯ್‌ಗುಡುವ ಸದ್ದು, ಅರಗಿನ ವಾಸನೆ, ಬಾಗಿಲ ಮುಂದೆ ಗೊಂಬೆ ಕಡೆಯುವ ಆಲೆ ಮರದ ಹೊಟ್ಟಿನ ರಾಶಿ. ಬೀದಿಯ ತುದಿಗೆ ಪುಟ್ಟಲಿಂಗಮ್ಮನ ಛತ್ರ. ಅಲ್ಲಿ ಕೊನೆಯ ಮದುವೆ ಯಾವಾಗ ಆಯಿತೋ ಯಾರಿಗೂ ನೆನಪಿಲ್ಲ. ಹಿತ್ತಲಿನ ತುಂಬ ಒಡೆದ ಹೆಂಚು, ಬಾಟಲಿ ಚೂರು, ಕಳೆ. ಆದರೆ ಅಲ್ಲೊಂದು ಬಾವಿಯಿತ್ತು, ಬಾವಿಯಲ್ಲಿ ನೀರೂ ಇತ್ತು.

ಅಂಗನವಾಡಿಯಲ್ಲಿದ್ದಷ್ಟು ದಿನವೂ ತಾಯಂದಿರಿಗೆ ನಾನು ಹೇಳಿದ್ದು ಒಂದೇ ಮಾತು: ಮಕ್ಕಳಿಗೆ ಸೊಪ್ಪು ತಿನ್ನಿಸಿ. ಒಂದು ದಿನ ನಮ್ಮ ಬೀದಿಯವಳೇ ಆದ ಜಹೀದಾ ಎರಡು ಹೆಣ್ಣುಮಕ್ಕಳನ್ನು ಎರಡು ಕೈಯಲ್ಲಿ ಹಿಡಿದು ನಿಂತು ಕೇಳಿದಳು, "ಯಾವ ಸೊಪ್ಪು ಟೀಚರಮ್ಮ? ಮಾರ್ಕೆಟ್ನಲ್ಲಿ ಸಿಕ್ತದಲ್ಲ, ಆ ಗಟಾರದ್ದಾ?"

ಅವಳು ಹೇಳಿದ್ದು ನಿಜ. ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪು ನಮ್ಮ ಕಡೆಗೆ ಬರುತ್ತದೆ. ನೋಡಲು ಹಚ್ಚಗೆ, ದಪ್ಪಗೆ ಇರುತ್ತದೆ. ಬೇಯಿಸಲು ಇಟ್ಟರೆ ಅಡುಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ. ಆ ಮಾತು ನನಗೆ ಚುಚ್ಚಿಕೊಂಡೇ ಇತ್ತು. ಕೆಲಸ ಮುಗಿದು ಮನೆಗೆ ಬಂದ ತಿಂಗಳಲ್ಲೇ ಛತ್ರದ ಕಮಿಟಿಯ ಯಜಮಾನ ದೊಡ್ಡಮುನಿಯಪ್ಪನವರ ಮನೆ ಬಾಗಿಲಿಗೆ ಹೋಗಿ ಕೂತೆ. ಹಿತ್ತಲು ಕೊಡಿ, ಬೀದಿಯವರೆಲ್ಲ ಸೇರಿ ಸೊಪ್ಪು ತರಕಾರಿ ಬೆಳೆಯುತ್ತೇವೆ, ನಮ್ಮ ಮಕ್ಕಳು ಒಳ್ಳೆಯದು ತಿನ್ನಲಿ ಎಂದೆ. ಮೂರು ದಿನ ಕೂತ ಮೇಲೆ ಅವರು ಸೋತರು.

"ಒಂದು ವರ್ಸ ಮಾಡ್ಕೊಳಿ ಟೀಚರಮ್ಮ. ಹೈವೇ ಹೋಟೆಲ್ನೋರು ಕಾರು ನಿಲ್ಸಕ್ಕೆ ಅಂತ ಅದೇ ಜಾಗ ಕೇಳ್ತಾವ್ರೆ. ಹೊಸತೊಡಕಿನ ದಿನ ಬಂದು ನೋಡ್ತೀನಿ. ಹಸ್ರಾಗಿದ್ರೆ ಐದು ವರ್ಸಕ್ಕೆ ಬರ್ಕೊಡ್ತೀನಿ. ಒಣಗಿದ್ರೆ ನನ್ನ ಬೈಕೋಬೇಡಿ."

ಹೊಸತೊಡಕು ಎಂದರೆ ಯುಗಾದಿಯ ಮಾರನೇ ದಿನ, ಮಾಂಸದೂಟದ ಹಬ್ಬ. ಅಂದು ಆದದ್ದು ವರ್ಷವೆಲ್ಲ ಆಗುತ್ತದೆ ಎಂಬ ನಂಬಿಕೆ ನಮ್ಮ ಕಡೆ. ಒಳ್ಳೆಯ ದಿನವೇ ಸಿಕ್ಕಿತು ಎಂದುಕೊಂಡು ಮನೆಗೆ ಬಂದೆ.

ಮೊದಲು ಬಾವಿಯ ಪಕ್ಕದ ಒಂದು ಪಟ್ಟೆಯನ್ನಷ್ಟೇ ಅಗೆದೆವು. ಅಲ್ಲಿ ಮಣ್ಣು ಮೆತ್ತಗಿತ್ತು. ದಂಟು, ಮೆಂತ್ಯ, ಸಬ್ಬಸಿಗೆ ಹಾಕಿದೆವು. ಬಂತು ನೋಡಿ! ಇಪ್ಪತ್ತೈದು ದಿನಕ್ಕೆ ಮೊದಲ ಕೊಯ್ಲು. ಹನ್ನೊಂದು ಮನೆಗೆ ಹೇಗೆ ಹಂಚುವುದು ಎಂಬ ಪ್ರಶ್ನೆ ಎದ್ದಾಗ ಯಾರೋ ಗುಡ್ಡೆ ಹಾಕೋಣ ಎಂದರು. ಹಬ್ಬಕ್ಕೆ ಪಾಲಿನ ಕುರಿ ಕೊಯ್ದಾಗ ಮಾಂಸವನ್ನು ಸಮನಾಗಿ ಗುಡ್ಡೆ ಹಾಕುವುದಿಲ್ಲವೇ, ಹಾಗೆ. ಒಬ್ಬರು ಗುಡ್ಡೆಯನ್ನು ಮುಟ್ಟಿ "ಇದು ಯಾರ್ದು?" ಎನ್ನಬೇಕು. ಇನ್ನೊಬ್ಬರು ಬೆನ್ನು ತಿರುಗಿಸಿ ನಿಂತು ಹೆಸರು ಹೇಳಬೇಕು. ಯಾವುದು ದಪ್ಪ, ಯಾವುದು ಸಣ್ಣ ಎಂದು ಹೇಳುವವರಿಗೆ ಕಾಣುವುದಿಲ್ಲ, ಆದ್ದರಿಂದ ಜಗಳವೂ ಇಲ್ಲ. ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ, ಆದರೆ ಗುಡ್ಡೆಯ ಪದ್ಧತಿ ಗೊತ್ತಿಲ್ಲದವರು ಈ ಊರಲ್ಲಿ ಯಾರು? ಗೋಡೆ ಕಡೆ ತಿರುಗಿ ನಿಲ್ಲುವ ಕೆಲಸ ನನ್ನದಾಯಿತು. "ಟೀಚರಮ್ಮ ಸುಳ್ಳು ಹೇಳಕಿಲ್ಲ" ಎಂದರು ಎಲ್ಲರೂ. ಗುಡ್ಡೆ ಹಾಕುವ ಕೆಲಸ ಜಹೀದಾಳದು. ಅವಳ ಕೈ ತಕ್ಕಡಿ ಇದ್ದ ಹಾಗೆ.

ಜಹೀದಾಳ ಗಂಡ ತೀರಿಕೊಂಡು ನಾಲ್ಕು ವರ್ಷ. ತಾಯಿ ರೋಶನ್ ಬೀ ಮತ್ತು ಎರಡು ಮಕ್ಕಳು ಅವಳ ದುಡಿಮೆಯ ಮೇಲೆಯೇ ಇದ್ದರು. ಬೀದಿಯಲ್ಲೇ ಇದ್ದ ಇದ್ರೀಸನ ಗೊಂಬೆ ಅಂಗಡಿಯಲ್ಲಿ ಲೇತ್ ಮುಂದೆ ಕೂತು ಗೊಂಬೆಗೆ ಅರಗಿನ ಬಣ್ಣ ಹಿಡಿಸುತ್ತಿದ್ದಳು. ಒಳ್ಳೆಯ ಕೆಲಸಗಾತಿ, ಆದರೆ ಹೊಟ್ಟಿನ ಧೂಳು ಅವಳ ಎದೆಗೆ ಇಳಿದಿತ್ತು. ರಾತ್ರಿಯಿಡೀ ಕೆಮ್ಮು. ಧೂಳು ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಬಿಟ್ಟರೆ ಒಲೆ ಹಚ್ಚುವುದು ಹೇಗೆ ಎಂದು ಅವಳು ಕೂತೇ ಇದ್ದಳು.

ಅವಳನ್ನು ಅಲ್ಲಿಂದ ಎಬ್ಬಿಸಿದವಳು ನಾನು. "ಲೇತ್ ಬುಡು ಕಣೇ. ತೋಟ ಪೂರ್ತಿ ನೀನೇ ನೋಡ್ಕೊ. ಹಂಚಿ ಮಿಕ್ಕಿದ್ದನ್ನ ಬಸ್‌ಸ್ಟ್ಯಾಂಡಲ್ಲಿ ಮಾರ್ಕೊ. ನಿನ್ನ ಮನೆ ಒಲೆ ಆರಕ್ಕೆ ನಾನು ಬುಡಲ್ಲ" ಎಂದೆ.

"ನಿಮ್ಮ ಮಾತಿನ ಮೇಲೆ ಬುಡ್ತಾ ಇದ್ದೀನಿ ಟೀಚರಮ್ಮ" ಎಂದಳು. ಮಾರನೇ ದಿನವೇ ಬಿಟ್ಟಳು.

ಒಂದು ಪಟ್ಟೆಯಿಂದ ಬೀದಿಯೂ ತಿಂದು ಅವಳೂ ಬದುಕುವುದಾಗುತ್ತಿರಲಿಲ್ಲ. ಇಡೀ ಹಿತ್ತಲು ತೋಟವಾಗಬೇಕಿತ್ತು. ಉಳಿದ ನೆಲವೋ, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ದಸರಾ ಹೊತ್ತಿಗೆ ಇದ್ರೀಸ್ ತಾನಾಗಿಯೇ ಬಂದ. ಕೆಲಸಗಾತಿ ಹೋದಳೆಂದು ಮುನಿಸಿಕೊಳ್ಳುವ ಜಾತಿಯವನಲ್ಲ ಅವನು. "ನಮ್ ಅಂಗ್ಡೀಲಿ ಹೊಟ್ಟು ಬೇಕಾದಷ್ಟೈತೆ ಟೀಚರಮ್ಮ. ಮಣ್ಣಿಗೆ ಬೆರಸಿದ್ರೆ ಒಸಿ ಮೆತ್ಗಾಗ್ತದೇನೋ, ನೋಡಿ" ಎಂದ. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿ ನಾನು. ಬೀದಿಯ ಎಲ್ಲ ಅಂಗಡಿಗಳ ಹೊಟ್ಟೂ ಬರಲಿ ಎಂದೆ. ಆಟೋದಲ್ಲಿ ಮೂಟೆ ಮೂಟೆ ಬಂತು. ಬೆಳ್ಳಗೆ, ಹಗುರಕ್ಕೆ, ನಡುನಡುವೆ ಕೆಂಪು ಹಳದಿ ಅರಗಿನ ಚೂರು. ಮಕ್ಕಳು ಅದರಲ್ಲಿ ಹೊರಳಾಡಿದವು.

ಅದೇ ಸಂಜೆ ನಂಜುಂಡಯ್ಯ ಬಂದದ್ದು. ಅವರು ಹೊಂಗನೂರಿನವರು, ರೇಷ್ಮೆ ಹುಳ ಸಾಕುವವರು. ಮಗಳನ್ನು ಪಕ್ಕದ ಬೀದಿಗೆ ಕೊಟ್ಟಿದ್ದಾರೆ. ರಾಮನಗರದಲ್ಲಿ ಗೂಡು ಮಾರಿ ಊರಿಗೆ ಹೋಗುವಾಗ ಇಲ್ಲಿ ಇಳಿದು ಮೊಮ್ಮಗುವನ್ನು ನೋಡಿಕೊಂಡು ಹೋಗುವುದು ರೂಢಿ. ಎಲ್ಲರೂ ಮನೆಗೆ ಹೋಗಿದ್ದರು. ರಾಶಿಯ ಮುಂದೆ ನಾನೊಬ್ಬಳೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆ. ಅವರು ಒಂದು ಹಿಡಿ ಹೊಟ್ಟು ಎತ್ತಿ ಮೂಸಿದರು.

"ಇದ್ನ ಮಣ್ಣಿಗೆ ಬೆರಸ್ಬೇಡಿ ಕಣಮ್ಮ. ಹಸಿ ಹೊಟ್ಟು. ಇದು ಕೊಳಿಯಕ್ಕೆ ಮಣ್ಣಿನ ಸಾರಾನೆಲ್ಲ ತಾನೇ ತಿಂದ್ಬುಡ್ತದೆ. ಗಿಡಕ್ಕೇನೂ ಉಳಿಯಕಿಲ್ಲ. ಒಂದ್ ಮೂಲೇಲಿ ರಾಶಿ ಹಾಕಿ, ಒಂದು ವರ್ಸ ಮಳೆ ಕುಡೀಲಿ. ಆಮೇಲೆ ಚಿನ್ನ."

ನನಗೆ ಒಂದು ವರ್ಷ ಎಲ್ಲಿತ್ತು? ಯುಗಾದಿಗೆ ಆರು ತಿಂಗಳೂ ಇರಲಿಲ್ಲ. ಅದೂ ಅಲ್ಲದೆ ಒಂದು ಕೆಲಸ ಮಾಡುತ್ತೇನೆಂದು ಹೊರಟ ಮೇಲೆ ಯಾರಾದರೂ ಬೇಡವೆಂದರೆ ನನಗೆ ಮೈ ಉರಿಯುತ್ತದೆ. "ನಂಜುಂಡಯ್ಯನೋರೇ, ನಿಮ್ಮ ಹುಳಕ್ಕೆ ನೀವು ಸೊಪ್ಪು ಹಾಕಿ. ನಮ್ಮ ಜನಕ್ಕೆ ನಾನು ಹಾಕ್ತೀನಿ" ಎಂದೆ. ಅವರು ನಕ್ಕು, ಕೈ ಕೊಡವಿಕೊಂಡು ಹೋದರು. ಎಂಥ ಮಾತು ಹೊಡೆದೆ ಎಂದು ರಾತ್ರಿ ಮಲಗುವಾಗಲೂ ಒಬ್ಬಳೇ ನಕ್ಕಿದ್ದೆ.

ಎರಡು ವಾರ ಬೀದಿಯವರೆಲ್ಲ ಸೇರಿ ಹೊಟ್ಟನ್ನು ನೆಲಕ್ಕೆ ಬೆರೆಸಿದೆವು. ಚೆನ್ನಾಗಿದ್ದ ಬಾವಿ ಪಕ್ಕದ ಪಟ್ಟೆಗೂ ಸುರಿಸಿದೆ, ಅದು ಮಾತ್ರ ಯಾಕೆ ಬಿಡಬೇಕೆಂದು. ನೆಲ ಹತ್ತಿಯ ಹಾಸಿಗೆಯಂತಾಯಿತು. ಬೀಜ ಹಾಕಿದೆವು. ಮೊಳಕೆ ಬಂತು. ಎರಡು ಎಲೆ, ನಾಲ್ಕು ಎಲೆ. ಅಲ್ಲಿಗೆ ನಿಂತಿತು. ಆಮೇಲೆ ಹಳದಿ.

ಎಲ್ಲ ಗಿಡವೂ ಒಂದೇ ಸಮನೆ ಹಳದಿಯಾಯಿತು. ಜಹೀದಾ ದಿನಕ್ಕೆ ಮೂರು ಸಲ ನೀರು ಸೇದಿದಳು. ಸಗಣಿ ತಂದು ಕದಡಿ ಹಾಕಿದಳು. ಮತ್ತೆ ಬಿತ್ತಿದಳು, ಮತ್ತೆ ಹಳದಿ. ಬಸ್‌ಸ್ಟ್ಯಾಂಡಿಗೆ ಒಯ್ಯಲು ಅವಳ ಕೈಯಲ್ಲಿ ಒಂದು ಕಟ್ಟೂ ಇರಲಿಲ್ಲ. ನನ್ನ ಮನೆಯಿಂದ ಅಕ್ಕಿ ಕಳಿಸಿದರೆ ರೋಶನ್ ಬೀ ಇಸಿದುಕೊಳ್ಳುತ್ತಿದ್ದರು, ಜಹೀದಾ ಮುಖ ತಿರುಗಿಸುತ್ತಿದ್ದಳು. ಕಾರಣ ನನಗೆ ಗೊತ್ತಿತ್ತು. ಮೊದಲ ಎಲೆ ಹಳದಿಯಾದ ದಿನವೇ ಗೊತ್ತಾಗಿತ್ತು. ಊಟ ಸೇರುತ್ತಿರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡಿದೆ.

ಗುಟ್ಟಾಗಿ ಹೊಂಗನೂರಿನ ಬಸ್ಸು ಹತ್ತಿ ನಂಜುಂಡಯ್ಯನವರ ಮನೆಗೆ ಹೋದೆ. ಅವರು ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಹುಳದ ಹಿಕ್ಕೆ, ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಎಲ್ಲ ಸೇರಿಸಿ ಎಂಟು ಮೂಟೆ ಕಟ್ಟಿ ಕೊಟ್ಟರು. "ಇದು ಕೆಲ್ಸ ಮಾಡ್ತದೆ. ಆದ್ರೆ ಯುಗಾದಿಗೆ ಆಗಕಿಲ್ಲ ಕಣಮ್ಮ, ಅದಕ್ಕೂ ಟೈಮ್ ಬೇಕು" ಎಂದರು.

"ನೀವು ಮೊದ್ಲೇ ಹೇಳಿದ್ದು ಬೀದೀಲಿ ಯಾರಿಗೂ ಹೇಳ್ಬೇಡಿ" ಎಂದೆ. ಅರವತ್ತು ವರ್ಷದ ಹೆಂಗಸು, ಪೆನ್ಸಿಲ್ ಕದ್ದ ಮಗುವಿನ ಹಾಗೆ.

"ನಾನ್ಯಾಕೆ ಹೇಳ್ಲಿ? ನೀವೇ ಹೇಳ್ಬೇಕು" ಎಂದು ಅವರು ಹುಳದ ಮನೆಯೊಳಕ್ಕೆ ಹೋದರು.

ಸಂಕ್ರಾಂತಿ ಕಳೆದ ಭಾನುವಾರ ಎಲ್ಲರೂ ಹಿತ್ತಲಲ್ಲಿ ಸೇರಿದ್ದೆವು. ಏನು ಮಾಡುವುದು ಎಂದು ಮಾತಾಡಲು. ಜಹೀದಾ ಒಂದು ಹಳದಿ ಗಿಡ ಕಿತ್ತು ಬೇರು ಕೊಡವಿದಳು. ಬೇರಿಗೆ ಹೊಟ್ಟು, ಹೊಟ್ಟಿನಲ್ಲೊಂದು ಕೆಂಪು ಅರಗಿನ ಚೂರು ಅಂಟಿಕೊಂಡಿತ್ತು. ಅವಳು ಅದನ್ನು ಇದ್ರೀಸನ ಮುಖದ ಮುಂದೆ ಹಿಡಿದಳು. ಅವರಿಬ್ಬರೇ ಇದ್ದರೆ ಉರ್ದುವಿನಲ್ಲಿ ಮಾತಾಡುವವರು. ಎಲ್ಲರಿಗೂ ಅರ್ಥವಾಗಲಿ ಎಂದೇ ಅವಳು ಕನ್ನಡದಲ್ಲಿ ಕೂಗಿದಳು.

"ನೋಡಿ ಇದ್ರೀಸ್ ಭಾಯ್, ನಿಮ್ಮ ಬಣ್ಣ! ನಿಮ್ಮ ಬಣ್ಣದ ವಿಷ ಕುಡ್ದು ಸತ್ತೈತೆ ಇದು. ನನ್ನ ಎದೇಲೂ ಇದೇ ವಿಷ ಐತೆ. ನಾನು ಲೇತ್ ಬುಟ್ಟೆ ಅಂತ ಬೇಕೂಂತ ಮೂಟೆ ಮೂಟೆ ತಂದು ಸುರಿದ್ರಿ."

ಇದ್ರೀಸನ ಮುಖದಲ್ಲಿ ರಕ್ತವಿರಲಿಲ್ಲ. ಚನ್ನಪಟ್ಟಣದ ಗೊಂಬೆಯವನಿಗೆ ಕಳ್ಳ ಎನ್ನಿ, ಸುಳ್ಳ ಎನ್ನಿ, ತಡೆದುಕೊಳ್ಳುತ್ತಾನೆ. ಬಣ್ಣದಲ್ಲಿ ವಿಷವಿದೆ ಎಂದರೆ ಅದು ಕುತ್ತಿಗೆ ಕೊಯ್ದ ಹಾಗೆ. ಮಗು ಬಾಯಿಗಿಟ್ಟುಕೊಳ್ಳುವ ಗೊಂಬೆ, ಅರಿಶಿನದಿಂದ ಹಳದಿ ತೆಗೆಯುತ್ತೇವೆ ಎಂದು ಹೇಳಿಕೊಂಡೇ ಅವನ ಅಪ್ಪ, ಅಜ್ಜ ಎಲ್ಲ ಬದುಕಿದವರು.

"ನನ್ನ ಗೊಂಬೇನ ನಿನ್ನ ಮಕ್ಳೇ ಚೀಪ್ಕೊಂಡು ಬೆಳದ್ವು ಜಹೀದಾ" ಎಂದ ಇದ್ರೀಸ್. ಆಮೇಲೆ ನನ್ನ ಕಡೆ ತಿರುಗಿದ. "ಟೀಚರಮ್ಮ, ನೀವು ಓದ್ದೋರು. ನೀವು ಹೇಳಿ. ಹೊಟ್ಟಲ್ಲಿ ವಿಷ ಐತಾ?"

ಹನ್ನೊಂದು ಮನೆಯವರೂ ನನ್ನನ್ನೇ ನೋಡುತ್ತಿದ್ದರು. ವಿಷವಿಲ್ಲ, ಹಸಿ ಹೊಟ್ಟು ಬೆರೆಸಬಾರದೆಂದು ನನಗೆ ಹೇಳಿದ್ದರು, ನಾನು ಕೇಳಲಿಲ್ಲ. ಇಷ್ಟೇ ಹೇಳಬೇಕಿದ್ದದ್ದು. ಟೀಚರಮ್ಮ ತಪ್ಪು ಮಾಡುವುದಿಲ್ಲ ಎಂದು ನಂಬಿದ ಬೀದಿ ಅದು. ನನಗೂ ಆ ನಂಬಿಕೆ ಅಭ್ಯಾಸವಾಗಿ ಹೋಗಿತ್ತು. "ನಂಗೇನ್ ಗೊತ್ತಪ್ಪ" ಎಂದೆ.

ಇದ್ರೀಸ್ ಹೊರಟುಹೋದ. ಮತ್ತೆ ಹಿತ್ತಲಿಗೆ ಕಾಲಿಡಲಿಲ್ಲ. ವಾರದೊಳಗೆ, ಅದುವರೆಗೂ ಖಾಲಿ ಬಿಟ್ಟಿದ್ದ ಜಹೀದಾಳ ಜಾಗದಲ್ಲಿ ಬೇರೊಬ್ಬಳನ್ನು ಕೂರಿಸಿಕೊಂಡ. ಅವಳು ವಿಷವೆಂದ ಮಾತು ಬಾಯಿಂದ ಬಾಯಿಗೆ ಹೋಗಿ, ಬೀದಿಯ ಬೇರೆ ಯಾವ ಅಂಗಡಿಯವನೂ ಅವಳನ್ನು ಒಳಗೆ ಬಿಟ್ಟುಕೊಳ್ಳದಂತಾಯಿತು. ಕೆಮ್ಮಿಕೊಂಡಾದರೂ ಹಳೆಯ ಕೆಲಸಕ್ಕೆ ಹೋಗೋಣವೆಂದರೆ ಆ ಬಾಗಿಲೂ ಮುಚ್ಚಿತು. ಇನ್ನು ಅವಳಿಗೆ ಉಳಿದದ್ದು ಹಿತ್ತಲು ಒಂದೇ. ಅದು ಉಳಿಯಬೇಕಾದರೆ ಹೊಸತೊಡಕಿನ ದಿನ ಅದು ಹಸಿರಾಗಿ ಕಾಣಬೇಕಿತ್ತು.

ಹುಳದ ಹಿಕ್ಕೆ ಹಾಕಿದೆವು. ನಂಜುಂಡಯ್ಯ ಹೇಳಿದ ಹಾಗೆಯೇ ಆಯಿತು. ಹಳದಿಯಲ್ಲಿ ಒಂದು ನೂಲಿನಷ್ಟು ಹಸಿರು ಕಂಡಿತು, ಅಷ್ಟೇ. ಯುಗಾದಿ ಬಂದೇಬಿಟ್ಟಿತು. ಬೇವು ಬೆಲ್ಲ ಕೈಯಲ್ಲಿ ಹಿಡಿದು ಕೂತವಳಿಗೆ ದಿಕ್ಕು ತೋಚದೆ ಒಂದು ಹಾಳು ಉಪಾಯ ಹೊಳೆಯಿತು. ಮಾರ್ಕೆಟ್ಟಿನಲ್ಲಿ ದಂಟು, ಮೆಂತ್ಯವನ್ನು ಬೇರಿನ ಸಮೇತ ಕಟ್ಟು ಕಟ್ಟಿ ಮಾರುತ್ತಾರಲ್ಲ. ಬೆಳಗಿನ ಜಾವ ತಂದು ನೆಟ್ಟುಬಿಟ್ಟರೆ? ದೊಡ್ಡಮುನಿಯಪ್ಪ ಎಂಟೂವರೆಗೆ ಬರುತ್ತೇನೆಂದಿದ್ದರು. ಒಂದು ಗಂಟೆ ಹಸಿರಾಗಿ ನಿಂತರೆ ಸಾಕು, ಐದು ವರ್ಷ ಸಿಗುತ್ತದೆ. ಐದು ವರ್ಷದಲ್ಲಿ ಯಾವ ಮಣ್ಣು ತಾನೇ ಸರಿಹೋಗುವುದಿಲ್ಲ?

ಜಹೀದಾಳಿಗೆ ಹೇಳಿದೆ. ಅವಳು ನನ್ನನ್ನೇ ನೋಡಿದಳು. "ಆ ಗಟಾರದ್ದಾ, ಟೀಚರಮ್ಮ?"

"ತಿನ್ನಕ್ಕಲ್ಲ ಕಣೇ, ತೋರ್ಸಕ್ಕೆ."

ಹೊಸತೊಡಕಿನ ಬೆಳಗ್ಗೆ ನಾಲ್ಕು ಗಂಟೆಗೆ ಮಾರ್ಕೆಟ್ಟಿಗೆ ಹೋದೆವು. ಊರೆಲ್ಲ ಮಾಂಸದಂಗಡಿಯ ಮುಂದೆ ಸಾಲು ನಿಂತಿತ್ತು, ನಾವು ಸೊಪ್ಪಿನ ಮುಂದೆ. ಬಂದಷ್ಟು ಕಟ್ಟನ್ನೂ ಆಟೋಗೆ ತುಂಬಿ ತಂದೆವು. ಬೀದಿಯ ಹೆಂಗಸರೆಲ್ಲ ಬಗ್ಗಿ ನೆಟ್ಟರು. ಏಳೂವರೆಗೆ ಹಿತ್ತಲು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ನನಗೆ ಅಳು ಬಂತು. ಇದು ನಿಜವಾಗಿದ್ದರೆ ಎಂದುಕೊಂಡೆ.

ಎಂಟೂವರೆ ಆಯಿತು. ಒಂಬತ್ತೂವರೆ ಆಯಿತು. ಫೋನ್ ಮಾಡಿದೆ. "ತೊಡಕು ನೋಡಿ ಟೀಚರಮ್ಮ, ಅಳಿಯಂದ್ರು ಬಂದವ್ರೆ. ಊಟ ಮುಗಿಸ್ಕೊಂಡು ಬತ್ತೀನಿ" ಎಂದರು. ಹತ್ತು ಗಂಟೆಯ ಬಿಸಿಲು ಹಿತ್ತಲಿಗೆ ಇಳಿಯಿತು. ತುದಿಯ ಎಲೆಗಳು ಮೊದಲು ಬಾಗಿದವು. ನೀರು ಹಾಕಿದೆವು, ಕಾದ ಮಣ್ಣಿನಿಂದ ಹಬೆ ಎದ್ದಿತು. ಜಹೀದಾ ತನ್ನ ದುಪಟ್ಟಾ ಬಿಚ್ಚಿ ಒಂದು ಪಟ್ಟೆಯ ಮೇಲೆ ನೆರಳು ಹಿಡಿದಳು. ಅವಳನ್ನು ನೋಡಿ ಎಲ್ಲರೂ ಮನೆಯಿಂದ ಸೀರೆ, ಹೊದಿಕೆ ತಂದು ಇಬ್ಬಿಬ್ಬರಾಗಿ ಹಿಡಿದು ನಿಂತೆವು. ಗಂಟೆಗಟ್ಟಲೆ ನಿಂತೆವು. ಜಹೀದಾ ಕೆಮ್ಮುತ್ತ ನಿಂತಿದ್ದಳು, ಕೈ ಮಾತ್ರ ಇಳಿಸಲಿಲ್ಲ. ನಾನು ದೇವರನ್ನೂ ಬೇಡಿಕೊಂಡೆ, ದೊಡ್ಡಮುನಿಯಪ್ಪನ ಅಳಿಯಂದಿರನ್ನೂ ಶಪಿಸಿದೆ.

ಅವರು ಬಂದದ್ದು ಎರಡು ಗಂಟೆಗೆ. ಅಷ್ಟು ಹೊತ್ತಿಗೆ ಒಂದು ಗಿಡವೂ ನೆಟ್ಟಗಿರಲಿಲ್ಲ. ಒದ್ದೆ ಬಟ್ಟೆ ಒಗೆದು ಬಿಸಾಡಿದ ಹಾಗೆ ಹಿತ್ತಲ ತುಂಬ ಬಿದ್ದಿದ್ದವು. ಅವರು ಬಗ್ಗಿ ಒಂದನ್ನು ಎಳೆದರು. ಮಾರ್ಕೆಟ್ಟಿನವರು ಕಟ್ಟಿದ್ದ, ಅವಸರದಲ್ಲಿ ನಾವು ಬಿಚ್ಚಲು ಮರೆತ ಬಾಳೆ ನಾರು ಬೇರಿಗೆ ಸುತ್ತಿಕೊಂಡೇ ಮೇಲೆ ಬಂತು. ನಾರನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ನನ್ ಮಗ್ನೂ ನಿಮ್ ಕೈಯಲ್ಲೇ ಅಆಇಈ ಕಲ್ತೋನು ಟೀಚರಮ್ಮ. ಒಣಗೋಯ್ತು, ಇನ್ನೊಂದು ವರ್ಸ ಕೊಡಿ ಅಂತ ಕೇಳಿದ್ರೆ ಕೊಡ್ತಿದ್ನೇನೋ. ನೀವು ಹಿಂಗ್ ಮಾಡ್ಬಾರ್ದಿತ್ತು."

ನಿಜ ಹೇಳಿದ್ದರೆ ಸಾಕಿತ್ತು ಎಂಬುದನ್ನು ಕೇಳುವುದಕ್ಕಿಂತ ದೊಡ್ಡ ಶಿಕ್ಷೆ ನನಗೆ ಗೊತ್ತಿಲ್ಲ. ಅವರು ಗೇಟಿಗೆ ಬೀಗ ಹಾಕಿಸಿ, ಮಣ್ಣು ಅಗೆಯುವ ಸನಿಕೆ, ಬುಟ್ಟಿ ತೆಗೆದುಕೊಳ್ಳಲು ಬೇಕಾದಾಗ ಕೇಳಿ ಎಂದು ಹೇಳಿ ಹೋದರು.

ಜಹೀದಾ ಬಿಡದಿ ಕಡೆಯ ಒಂದು ಫ್ಯಾಕ್ಟರಿಗೆ ಕಂಟ್ರಾಕ್ಟ್ ಕೆಲಸಕ್ಕೆ ಸೇರಿದಳು. ಬೆಳಕು ಹರಿಯುವ ಮುಂಚೆ ಬಸ್ಸು, ದೀಪ ಹಚ್ಚಿದ ಮೇಲೆ ವಾಪಸು. ಮಕ್ಕಳು ಅವಳ ಮುಖ ನೋಡುವುದು ಭಾನುವಾರ ಮಾತ್ರ. ಮಾರ್ಕೆಟ್ಟಿನಿಂದ ರೋಶನ್ ಬೀ ಅದೇ ಗಟಾರದ ಸೊಪ್ಪು ತರುತ್ತಿದ್ದರು. ಬೇಯುವ ವಾಸನೆ ನನ್ನ ಮನೆಗೂ ಬರುತ್ತಿತ್ತು.

ಹೋಟೆಲಿನವರ ಕಾಗದಪತ್ರ ಮುಗಿಯುವಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಯಾರೂ ಹೊಸ ಕೆಲಸಕ್ಕೆ ಗುದ್ದಲಿ ಹಾಕುವುದಿಲ್ಲ. ಶ್ರಾವಣದ ಮೊದಲ ಸೋಮವಾರ ಪೂಜೆ, ಅವತ್ತೇ ಜೆಸಿಬಿ ಎಂದು ಸುದ್ದಿಯಾಯಿತು. ಹಿಂದಿನ ದಿನ ಭಾನುವಾರ ನಾನು ಬೀಗದ ಕೈ ಇಸಿದುಕೊಂಡು ಸನಿಕೆ, ಬುಟ್ಟಿ ತರಲು ಗೇಟು ತೆಗೆದೆ. ತೆಗೆದವಳು ಅಲ್ಲೇ ನಿಂತೆ.

ಹಿತ್ತಲು ಹಸಿರಾಗಿತ್ತು. ಹೊಸತೊಡಕಿನ ದಿನ ನೆಟ್ಟ ಗಿಡಗಳಲ್ಲಿ ನಾಲ್ಕಾರು ಹೇಗೋ ಬದುಕಿ, ಬೀಜ ಉದುರಿಸಿ ಸತ್ತಿದ್ದವು. ಮುಂಗಾರಿಗೆ ಆ ಬೀಜವೆಲ್ಲ ಎದ್ದು ಗೋಡೆಯಿಂದ ಗೋಡೆಗೆ ದಂಟು, ಮೊಣಕಾಲೆತ್ತರ. ಕೂತು ಮಣ್ಣು ಎತ್ತಿದೆ. ಹೊಟ್ಟು ಕಾಣಲಿಲ್ಲ. ಎಲ್ಲ ಕೊಳೆತು ಕರಗಿ ಕಪ್ಪಾಗಿತ್ತು, ಎರೆಹುಳ ಹೊರಳುತ್ತಿತ್ತು. ಎಲ್ಲೋ ಒಂದು ಕೆಂಪು ಅರಗಿನ ಚೂರು. ಒಂದು ವರ್ಷ ಮಳೆ ಕುಡಿಯಲಿ, ಆಮೇಲೆ ಚಿನ್ನ ಎಂದಿದ್ದರು. ವರ್ಷಕ್ಕೆ ಎರಡು ತಿಂಗಳು ಬಾಕಿ ಇದ್ದರೂ ಚಿನ್ನವಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಮಣ್ಣನ್ನು ಹಣೆಗೆ ಒತ್ತಿಕೊಂಡು ಅತ್ತೆ. ಆಮೇಲೆ ದೊಡ್ಡಮುನಿಯಪ್ಪನವರಿಗೆ ಫೋನ್ ಮಾಡಿದೆ. ಬರೆದುಕೊಟ್ಟಾಗಿದೆ, ಇನ್ನು ತಮ್ಮ ಕೈಯಲ್ಲಿಲ್ಲ ಎಂದರು.

ಜಹೀದಾಳನ್ನು ಕರೆತಂದೆ. ಅವಳು ಕುಡುಗೋಲು ತೆಗೆದುಕೊಂಡು ಕೊಯ್ಯಲು ಕೂತಳು. ಎಲ್ಲವನ್ನೂ ಕೊಯ್ಯುವಷ್ಟು ಕೈ ನಮಗಿರಲಿಲ್ಲ. ಆದಷ್ಟು ಕೊಯ್ದು, ಬಾವಿಕಟ್ಟೆಯ ಮುಂದೆ ಹಳೆಯ ಹಾಗೆ ಗುಡ್ಡೆ ಹಾಕತೊಡಗಿದಳು. ನಾನು ಹಳೆಯ ಹಾಗೆ ಗೋಡೆಯ ಕಡೆ ತಿರುಗಿ ನಿಂತೆ.

"ಇದು ಯಾರ್ದು?"

"ಅಂಕಮ್ಮ."

"ಇದು?"

"ಹುಸೇನ್."

ಒಂದೊಂದೇ ಹೆಸರು ಹೇಳಿದೆ. ಅವಳದೂ ಆಯಿತು, ನನ್ನದೂ ಆಯಿತು. ಹತ್ತಕ್ಕೆ ಅವಳ ದನಿ ನಿಂತಿತು. ದುಪಟ್ಟಾ ಕೊಡವಿಕೊಂಡು ಏಳುವ ಸದ್ದಾಯಿತು.

"ಇನ್ನೊಂದು ಹಾಕು ಜಹೀದಾ. ಇದ್ರೀಸ್ ಮನೇದು."

"ಅವ್ರಿಗ್ಯಾಕೆ? ಅವ್ರ ವಿಷದಿಂದ ತಾನೆ ನಾನು ಈ ಗತಿಗೆ ಬಂದಿದ್ದು?"

ಗೋಡೆಯ ಸುಣ್ಣ ಅಲ್ಲಲ್ಲಿ ಎದ್ದಿತ್ತು. ಅವಳ ಮುಖ ಕಾಣುವಂತಿದ್ದರೆ ಆ ದಿನವೂ ನಾನು ಹೇಳುತ್ತಿರಲಿಲ್ಲ. "ವಿಷ ಇರ್ಲಿಲ್ಲ ಕಣೇ" ಎಂದೆ. "ಹಸಿ ಹೊಟ್ಟು ಬೆರಸ್ಬೇಡಿ, ಗಿಡ ಏಳಕಿಲ್ಲ ಅಂತ ನಂಜುಂಡಯ್ಯ ನಂಗೆ ಮೊದ್ಲೇ ಹೇಳಿದ್ರು. ದಸರಾದಲ್ಲೇ. ನಾನು ಕೇಳ್ಲಿಲ್ಲ. ಸಂಕ್ರಾಂತೀಲಿ ಇದ್ರೀಸ್ ಕೇಳ್ದಾಗ್ಲೂ ಬಾಯಿ ಬುಡ್ಲಿಲ್ಲ. ತಪ್ಪು ನಂದು, ಅವಂದಲ್ಲ."

ಬೈಯಲಿ ಎಂದು ಕಾದೆ. ನಾನು ಊರಿಗೆಲ್ಲ ಬೈದ ಬೈಗುಳವನ್ನೆಲ್ಲ ಸೇರಿಸಿ ಬೈಯಲಿ. ಅವಳು ಕೆಮ್ಮಿದಳು, ಅಷ್ಟೇ. ಆಮೇಲೆ ಎಲೆ ಸರಿದ ಸದ್ದು.

"ಇದು ಯಾರ್ದು?" ಎಂದಳು. ದನಿ ಬೇರೆ ಯಾರದೋ ಇದ್ದ ಹಾಗಿತ್ತು.

"ಇದ್ರೀಸ್‌ದು."

ನಾನು ತಿರುಗಿದಾಗ ನೆಲದ ಮೇಲೆ ಒಂಬತ್ತೇ ಗುಡ್ಡೆ ಇದ್ದವು. ಹತ್ತನೆಯದು, ಅವಳ ಪಾಲು, ಅವಳ ಮಡಿಲಲ್ಲಿತ್ತು. ಇದ್ರೀಸನಿಗೆಂದು ಅವಳು ಹೊಸದು ಹಾಕಿರಲಿಲ್ಲ, ತನ್ನದನ್ನೇ ಎತ್ತಿಕೊಂಡಿದ್ದಳು. "ಇನ್ನೂ ಕೊಯ್ಯೋಣ, ಇಷ್ಟೊಂದೈತಲ್ಲೇ" ಎಂದೆ. ಅವಳು ನಿಲ್ಲಲಿಲ್ಲ. ನೇರ ಇದ್ರೀಸನ ಬಾಗಿಲಿಗೆ ಹೋದಳು. ನಾನು ಗೇಟಿನ ಬಳಿಯಿಂದ ನೋಡಿದೆ. ಅವನು ಬಾಗಿಲು ತೆರೆದ. ಅವಳು ಉರ್ದುವಿನಲ್ಲಿ ಏನೋ ಹೇಳಿದಳು, ಮೆಲ್ಲಗೆ, ಅವನೊಬ್ಬನಿಗೇ. ಅವನು ಕೈ ಚಾಚಲಿಲ್ಲ. ಅವಳು ಸೊಪ್ಪನ್ನು ಹೊಸ್ತಿಲ ಮೇಲಿಟ್ಟು ನಿಂತಳು. ಒಳಗೆ ಲೇತ್ ಮುಂದೆ ಅವಳ ಜಾಗದಲ್ಲಿ ಕೂತಿದ್ದ ಹುಡುಗಿ ಮಿಷನ್ ನಿಲ್ಲಿಸಿ ಇಣುಕಿದಳು. ಇದ್ರೀಸ್ ಸೊಪ್ಪಿನ ಕಡೆ ನೋಡಿ, ಆಮೇಲೆ ಗೇಟಿನ ಬಳಿ ನಿಂತ ನನ್ನ ಕಡೆ ನೋಡಿ, ಬಾಗಿಲು ಹಾಕಿಕೊಂಡ.

ವಾಪಸು ನನ್ನ ಮುಂದೆಯೇ ಹಾದು ಹೋದಳು ಜಹೀದಾ, ಬರಿಗೈಯಲ್ಲಿ. ನಾನು ನನ್ನ ಪಾಲು ಎತ್ತಿ ಚಾಚಿದೆ. "ಮಕ್ಕಳಿಗೆ ತಗೊಂಡೋಗೇ, ನಿನ್ನ ಕಾಲಿಗೆ ಬೀಳ್ತೀನಿ" ಎಂದೆ.

"ಅದು ನಿಮ್ದು ಟೀಚರಮ್ಮ" ಎಂದಳು. "ಬಾಡೋಗ್ತದೆ, ತಗೊಂಡೋಗಿ."

ಮಾರನೇ ದಿನ ಕತ್ತಲಿರುವಾಗಲೇ ಅವಳು ಬಿಡದಿಯ ಬಸ್ಸಿಗೆ ಹೋಗುವ ಚಪ್ಪಲಿ ಸದ್ದು ಕೇಳಿತು. ಒಂಬತ್ತಕ್ಕೆ ಛತ್ರದ ಹಿಂದೆ ಜೆಸಿಬಿ ಶುರುವಾಯಿತು. ನಾನು ಒಲೆಯ ಮುಂದೆ ನಿಂತು ಆ ಸೊಪ್ಪನ್ನು ಬಿಡಿಸಿ, ತೊಳೆದು, ಬೇಳೆಯ ಜೊತೆ ಬೇಯಿಸಿದೆ. ಗಟಾರದ ವಾಸನೆ ಒಂದಿಷ್ಟೂ ಇರಲಿಲ್ಲ. ಸಾರು ಬಹಳ ರುಚಿಯಾಗಿತ್ತು. ಒಂದು ತುತ್ತಿಗಿಂತ ಹೆಚ್ಚು ತಿನ್ನಲು ನನ್ನಿಂದಾಗಲಿಲ್ಲ.